ಹಾಲವ್ವ ಕಷಾಯ ಚೆಲ್ಲಿದ್ದು

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಹೇಳುವವರೂ ಈಗ ಉಳಿದಿಲ್ಲ, ಮೆಣಸಿನಕಾಯಿ ಬೆಳೆಯುವ ಒಂದು ಊರಿನಲ್ಲಿ ಹಾಲವ್ವ ಎಂಬ ತಾಯಿ ಇದ್ದಳಂತೆ. ಗಂಟಲಿಗೆ ಮದ್ದು ಕೊಡುವುದು ಅವಳ ಕಾಯಕ. ಗೋಡೆಯಾಚೆ ಯಾರಾದರೂ ಕ್ಯಾಕರಿಸಿದರೆ ಸಾಕು, ಇದು ನೆಗಡಿಯ ಕಫ, ಇದು ಮೆಣಸಿನಕಾಯಿ ಧೂಳಿನದು, ಇದು ಬೀಡಿಯದು ಎಂದು ಕೂತಲ್ಲೇ ಹೇಳುತ್ತಿದ್ದಳಂತೆ. ಧೂಳಿನವರಿಗೆ ಮೂಗಿಗೆ ಬಟ್ಟೆ ಕಟ್ಟಿಸುತ್ತಿದ್ದಳು, ನೆಗಡಿಯವರಿಗೆ ಉಪ್ಪಿನ ಬಿಸಿನೀರು, ತುಳಸಿ ಕಷಾಯ. ಬೀಡಿಯವರಿಗೆ ಬೈಗುಳ.

ಅತ್ತೆಯ ಮನೆಯಲ್ಲೇ ಇದ್ದ ಒಬ್ಬ ದಪ್ಪನೆಯ ಅಳಿಯ ಬಂದನಂತೆ. ಮಲಗಿದರೆ ಎದೆ ಉರಿ, ಎದ್ದರೆ ಗಂಟಲ ತುಂಬ ಲೋಳೆ.

"ನಿನಗ ಮದ್ದು ಬ್ಯಾಡಪ, ನಿಮ್ಮತ್ತಿಗೆ ಹೇಳಿ ಕಳಸ್ತೀನಿ, ರಾತ್ರಿ ಎರಡು ರೊಟ್ಟಿ ಕಡಿಮಿ ಬಡಿ ಅಂತ. ಉಂಡ ಕೂಡ್ಲೆ ಉರುಳಬ್ಯಾಡ," ಎಂದಳಂತೆ. ಅವನೂ ವಾಸಿಯಾದ.

ಅದೇ ಊರಿನ ಮಠದಲ್ಲಿ ರಾಚಪ್ಪ ಎಂಬುವನು ಭಜನೆ ಹಾಡುತ್ತಿದ್ದ. ಅವನು ದನಿ ಎತ್ತಿದರೆ ಹೊಲದಿಂದ ಬರುವ ಎತ್ತುಗಳು ನಿಂತು ಕೇಳುತ್ತಿದ್ದವಂತೆ. ಹಾಡುವ ಮೊದಲು ಹಾಡುಗಾರರಿಗೆ ಎಲೆ ಅಡಿಕೆ ತಟ್ಟೆ ಹಿಡಿಯುವುದು ಆ ಊರಿನ ಪದ್ಧತಿ. ರಾಚಪ್ಪನಿಗೆ ತಟ್ಟೆ ಬೇಕಿರಲಿಲ್ಲ, ಅವನ ಬಾಯಿ ಬೆಳಗಿನಿಂದಲೇ ಕೆಂಪು.

ಒಂದು ವರ್ಷ ಅವನಿಗೂ ಕಫ ಕಟ್ಟಿತು. ದನಿ ಒಡೆಯಿತು. ಹಾಲವ್ವ ಕಷಾಯ ಕೊಟ್ಟಳು, ಕುಡಿದ. ಅಮಾವಾಸ್ಯೆ ಹೋಗಿ ಮತ್ತೊಂದು ಅಮಾವಾಸ್ಯೆ ಬಂದರೂ ದನಿ ಕೂಡಲಿಲ್ಲ. ತುತ್ತು ನುಂಗಲು ತಡವರಿಸತೊಡಗಿದ. ಅಂಗಿ ಮೈಮೇಲೆ ಸಡಿಲಾಯಿತು. ಹಾಲವ್ವನಿಗೆ ಸಂಶಯ ಬಂತಂತೆ. ಹಲ್ಲು ತಿಕ್ಕಿಸಿ, ಬಾಯಿ ಚೆನ್ನಾಗಿ ತೊಳೆಸಿ, ಎಲೆ ಮುಟ್ಟಗೊಡದೆ ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕೂರಿಸಿದಳು. ಆಮೇಲೆ ಒಲೆಯ ಬಿಳಿ ಬೂದಿ ಹರವಿ, ಇದರ ಮೇಲೆ ಉಗುಳು ಎಂದಳು.

ಬೂದಿ ಕೆಂಪಾಯಿತು.

"ಎಲಿ ಬಣ್ಣ ಯವ್ವಾ, ಹಲ್ಲಿನ ಸಂದ್ಯಾಗ ಉಳದಿರ್ಬೇಕು," ಎಂದ ರಾಚಪ್ಪ.

"ಹಲ್ಲು ತಿಕ್ಕಿಸಿ ಕೂಡ್ಸೀನಿ. ಇದು ರಕ್ತ ತಮ್ಮಾ. ಇಷ್ಟು ದಿನ ಎಲಿ ಮುಚ್ಚಿಟ್ಟಿತ್ತು. ನನ್ನ ಮದ್ದು ಇಲ್ಲಿಗೆ ಮುಗೀತು. ಪ್ಯಾಟಿ ದವಾಖಾನಿಗೆ ನಡಿ."

ಅವನು ಅವಳ ಕಾಲು ಹಿಡಿದನಂತೆ. ಡಾಕ್ಟರು ಗಂಟಲಿಗೆ ಕತ್ತರಿ ಹಾಕಿದರೆ ದನಿ ಹೋಗುತ್ತದೆ, ದನಿ ಹೋದರೆ ಶಿವನಿಗೆ ನಾನೇನು ಕೊಡಲಿ, ನೀನೇ ಇನ್ನೊಂದು ಗಡಿಗೆ ಕಾಸಿ ಕೊಡು ಎಂದು ಅತ್ತನಂತೆ. ಹಾಲವ್ವ ಒಳಗೆ ಹೋದಳು. ಒಲೆಯ ಮೇಲಿದ್ದ ಗಡಿಗೆ ತಂದು, ಅವನ ಕಣ್ಣ ಮುಂದೆಯೇ ಅಂಗಳಕ್ಕೆ ಸುರಿದಳು.

"ದನಿ ಉಳಿಸಾಕ ಹೋಗಿ ಹಾಡೋ ಮಗನ್ನ ಕಳಕೊಳ್ಳಲೇನು? ಏಳು, ಗಾಡಿ ಹೂಡಿಸ್ತೀನಿ. ನಾನೂ ಬರ್ತೀನಿ."

ಆ ಕಷಾಯ ಬಿದ್ದಲ್ಲಿ ತುಳಸಿ ತಾನಾಗಿ ಹುಟ್ಟಿತು ಎನ್ನುತ್ತಾರೆ. ನಾನು ಕಂಡಿಲ್ಲ, ನಮ್ಮ ಅಜ್ಜಿ ಕಂಡಿದ್ದಳಂತೆ.

ಡಾಕ್ಟರು ನೋಡಿದರು. ಗಂಟಲೊಳಗೆ ಗಂಟು ಬೆಳೆಯುತ್ತಿತ್ತು. ಇನ್ನೂ ತಡಮಾಡಿದ್ದರೆ ಕೈಮೀರುತ್ತಿತ್ತು ಎಂದರಂತೆ. ಗಂಟು ತೆಗೆದರು, ಎಲೆ ಅಡಿಕೆ ಬಿಡಿಸಿದರು. ರಾಚಪ್ಪ ಊರಿಗೆ ನಡೆದೇ ಬಂದ. ದನಿ ಮೊದಲಿನಷ್ಟು ಮೇಲೆ ಏರಲಿಲ್ಲ. ಆದರೆ ತಗ್ಗಿನ ದನಿಯಲ್ಲಿ ಮೊಮ್ಮಕ್ಕಳ ಕಾಲದವರೆಗೂ ಹಾಡಿದ. ಹಾಡು ಮುಗಿದ ಮೇಲೆ ಮೊದಲು ದೇವರಿಗೆ, ಆಮೇಲೆ ಹಾಲವ್ವನ ಮನೆಯ ದಿಕ್ಕಿಗೆ ಕೈಮುಗಿಯುತ್ತಿದ್ದನಂತೆ.

ಅಂದಿನಿಂದ ಆ ಊರಿನ ಭಜನೆಯಲ್ಲಿ ಎಲೆ ಅಡಿಕೆ ತಟ್ಟೆ ಹಿಡಿಯುವುದಿಲ್ಲ. ಮಠದ ಮೆಟ್ಟಿಲ ಬಳಿ ಒಂದು ತಂಬಿಗೆ ನೀರು, ಒಂದು ಬುಟ್ಟಿ ಬೂದಿ ಇಡುತ್ತಾರೆ. ಹಾಡುವವರು ಬಾಯಿ ಮುಕ್ಕಳಿಸಿ, ಬೂದಿಯ ಮೇಲೆ ಉಗುಳಿ, ಹಿರಿಯರೊಬ್ಬರು ನೋಡಿ ತಲೆಯಾಡಿಸಿದ ಮೇಲೆಯೇ ಒಳಗೆ ಬರಬೇಕು. ಯಾರದಾದರೂ ಬೂದಿ ಕೆಂಪಾದರೆ, ಯಾರದಾದರೂ ದನಿ ಬಹಳ ದಿನ ಒಡೆದೇ ಇದ್ದರೆ, ಅಂದು ಏಕತಾರಿ ಮೀಟುವುದಿಲ್ಲ. ಎಲ್ಲರೂ ಎದ್ದು ಅವನ ಜೊತೆ ದವಾಖಾನೆಗೆ ನಡೆಯುತ್ತಾರೆ.