ಮೌನಪ್ಪನ ತೊಟ್ಟಿಲಿಗೊಂದು ಮಾತು

ಹೊಳೆ ದಂಡೆಯ ಮಠದ ಅಜ್ಜಾರ ಹತ್ತಿರ ಜನ ಪ್ರಸಾದಕ್ಕಿಂತ ಹೆಚ್ಚಾಗಿ ಮಾತು ಕೇಳಿಕೊಂಡು ಬರುತ್ತಿದ್ದರು.

ಆ ಊರಿನ ರೂಢಿ ಹಾಗೆ. ಅಂಗಡಿ ಇಟ್ಟವರು ಯಾರೇ ಇರಲಿ, ಬಾಗಿಲ ಮೇಲಿನ ಹಲಗೆಗೆ ಅಜ್ಜಾರಿಂದ ಒಂದು ಸಾಲು ಬರೆಸಿಕೊಳ್ಳಬೇಕು. ಗಾಣದ ಮನೆಯ ಹಲಗೆಯ ಮೇಲೆ 'ಮೂಸಿ ನೋಡಿ, ಆಮೇಲೆ ತಗೊಳ್ಳಿ' ಎಂದಿತ್ತು. ಬೀಗ ರಿಪೇರಿಯವನ ಹಲಗೆಯ ಮೇಲೆ 'ಕೀಲಿಕೈ ಕಳೆದುಕೊಂಡವರು ಗಾಬರಿಯಾಗಬೇಡಿ' ಎಂದಿತ್ತು.

ಶಿಷ್ಯ ಮಲ್ಲಿನಾಥನಿಗೆ ಇವೆಲ್ಲ ಸಪ್ಪೆ ಅನಿಸುತ್ತಿದ್ದವು. ಅವನು ಓದಿಕೊಂಡವನು. ನಾಲಿಗೆಯ ತುದಿಯಲ್ಲಿ ಪದಗಳು ಸಾಲುಗಟ್ಟಿ ನಿಂತಿದ್ದವು, ಕರೆಯುವವರು ಮಾತ್ರ ಇರಲಿಲ್ಲ.

ಒಂದು ದಿನ ಬಡಿಗೇರ ಮೌನಪ್ಪ ಖಾಲಿ ಹಲಗೆ ಹಿಡಿದು ಸಾಲು ಬರೆಸಲು ಬಂದ. ತೊಟ್ಟಿಲು ಮಾಡುವವನು. ಅವನ ಅಂಗಡಿಯಲ್ಲಿ ಹೊಸ ತೊಟ್ಟಿಲೊಂದು ಹೋದ ವರ್ಷದಿಂದ ಕೂತಿತ್ತು. ಬರುವ ಅಮಾವಾಸ್ಯೆಯೊಳಗೆ ಅದನ್ನು ಯಾರೂ ಒಯ್ಯದಿದ್ದರೆ ಉಳಿ, ಬಾಚಿ ಕಟ್ಟಿಟ್ಟು ಪಟ್ಟಣದ ಸಾಮಿಲ್ಲಿಗೆ ಹಲಗೆ ಕೊಯ್ಯಲು ಹೋಗುವುದೆಂದು ಅವನು ನಿರ್ಧರಿಸಿದ್ದ. ಅಪ್ಪ, ಅಜ್ಜ ಮಾಡಿಕೊಂಡು ಬಂದ ಕೆಲಸ.

ಅಜ್ಜಾರು ಮಲ್ಲಿನಾಥನ ಕಡೆ ತಿರುಗಿ, ಈ ಸಲದ ಸಾಲು ನಿನ್ನದೇ ಆಗಲಿ ಅಂದರು.

"ನೀವು ಏನ್ ಮಾಡ್ತೀರಿ?" ಎಂದು ಮಲ್ಲಿನಾಥ ಕೇಳಿದ.

"ತೊಟ್ಟಿಲ ಮಾಡ್ತೀನ್ರಿ."

"ಮತ್ತ?"

"ಮತ್ತೇನ್ ಐತ್ರಿ? ತೊಟ್ಟಿಲ."

ಈ ಮನುಷ್ಯನ ಬಾಯಿಂದ ಇನ್ನೇನೂ ಹೊರಡುವುದಿಲ್ಲವೆಂದು ಮಲ್ಲಿನಾಥ ಮುಂದೆ ಕೇಳುವ ಗೋಜಿಗೇ ಹೋಗಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಕೂತು ಸಂಜೆಯೊಳಗೆ ಬರೆದು ಮುಗಿಸಿದ: 'ಇಂದಿನವರೆಗೆ ಯಾವ ಕೂಸೂ ಮಲಗದ, ಹೊಚ್ಚ ಹೊಸ, ಫಳಫಳ ಹೊಳೆಯುವ ಸಾಗವಾನಿ ತೊಟ್ಟಿಲು.'

ತನ್ನ ಸಾಲನ್ನು ತಾನೇ ಮತ್ತೆ ಮತ್ತೆ ಓದಿಕೊಂಡು ಬೀಗಿದ. ಅಜ್ಜಾರೂ ಓದಿದರು. ಹಲಗೆಯನ್ನು ಅವನ ಮುಂದೆ ಸರಿಸಿದರು.

ಹಲಗೆ ಬಾಗಿಲ ಮೇಲೇರಿತು. ವಾರ ತುಂಬುವುದರೊಳಗೆ ಮೌನಪ್ಪ ಅದನ್ನು ಕಂಕುಳಲ್ಲಿಟ್ಟುಕೊಂಡು ಮಠಕ್ಕೆ ಬಂದ.

ಸಿಟ್ಟೇನೂ ಇರಲಿಲ್ಲ ಅವನಿಗೆ. ಮೊದಲಾದರೂ ಹೆಂಗಸರು ಅಂಗಡಿಯ ಮುಂದೆ ಹಾಯುತ್ತ ಮಾತಾಡಿಸುತ್ತಿದ್ದರು. ಈಗ ಓದು ಬಂದವರು ಬರದವರಿಗೆ ಹೇಳಿ, ಎಲ್ಲರೂ ಹಿಂದಿನ ಓಣಿ ಹಿಡಿದು ಹೋಗುತ್ತಿದ್ದರು. ಬಸುರಿ ಸೊಸೆಯನ್ನು ಕರೆದುಕೊಂಡು ಬಂದ ಅತ್ತೆಯೊಬ್ಬಳು ಸೊಸೆಯ ಮುಖಕ್ಕೆ ಸೆರಗು ಅಡ್ಡ ಹಿಡಿದಳಂತೆ. ಮೊದಲ ದಿನವೇ ಮೌನಪ್ಪನಿಗೆ ಮನಸ್ಸು ಹಿಂಜರಿದಿತ್ತು, ಆದರೆ ಮಠದಿಂದ ಬಂದ ಮಾತನ್ನು ಬೇಡ ಅನ್ನುವುದು ಹೇಗೆ ಎಂದು ಸುಮ್ಮನಾಗಿದ್ದ.

"ಅಳಸಿಬಿಡ್ರಿ, ಸ್ವಾಮ್ಯಾರ," ಅಂದ. "ಖಾಲಿ ಹಲಗಿನ ಇರ್ಲಿ."

ಮಲ್ಲಿನಾಥನ ಮುಖ ಸಣ್ಣದಾಯಿತು. ನಾಚಿಕೆಗಿಂತ ಹೆಚ್ಚಾಗಿ ಅವನನ್ನು ಕೊರೆದದ್ದು, ತಪ್ಪಿದ್ದು ಎಲ್ಲಿ ಎಂಬುದು. ಮೌನಪ್ಪ ಹೋದ ಮೇಲೆ ಅಜ್ಜಾರ ಮುಂದೆ ಕೂತ.

"ನಾ ಬರದದ್ದರಾಗ ಒಂದರೆ ಸುಳ್ಳು ಐತೇನ್ರಿ, ಅಜ್ಜಾರ?"

ಅಜ್ಜಾರು ಎದ್ದರು. ಆಳು ಕಳಿಸಿ ಆ ಹೊಸ ತೊಟ್ಟಿಲನ್ನು ಮಠಕ್ಕೆ ತರಿಸಿದರು. ಪಡಸಾಲೆಯ ತೊಲೆಗೆ ಕಟ್ಟಿಸಿದರು. ಆಮೇಲೆ ಪಕ್ಕದಲ್ಲಿ ನಿಂತು, ಬರಿದಾದ ಆ ತೊಟ್ಟಿಲನ್ನು ಜೋರಾಗಿ ತೂಗಿದರು.

ಮಲ್ಲಿನಾಥ ಎದ್ದವನೇ ಓಡಿಬಂದು ಎರಡೂ ಕೈಯಿಂದ ಅದನ್ನು ಹಿಡಿದು ನಿಲ್ಲಿಸಿದ.

"ಯಾಕೋ?"

"ಬರಿದ ತೊಟ್ಟಿಲ ತೂಗಬಾರದ್ರಿ."

"ಯಾರು ಹೇಳಿದ್ರು?"

"ನಮ್ಮವ್ವ ತೂಗಗೊಡ್ತಿರಲಿಲ್ರಿ."

"ಹಂಗಾರ ನೀ ಬರಿಯೋ ಹೊತ್ತಿನಾಗ ನಿಮ್ಮವ್ವ ಎಲ್ಲಿ ಹೋಗಿದ್ಲು?"

ಮಲ್ಲಿನಾಥ ತಲೆ ತಗ್ಗಿಸಿದ. ಗೊತ್ತಿಲ್ಲದ ಸಂಗತಿಯೇನಲ್ಲ, ಆ ಸೀಮೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಬರಿದ ತೊಟ್ಟಿಲು ತೂಗಿದರೆ ಕೂಸಿಗೆ ಒಳ್ಳೆಯದಲ್ಲ. ತರುವುದಿದ್ದರೆ ಮಕ್ಕಳು ಮಲಗಿ, ಎದ್ದು, ಬೆಳೆದ ತೊಟ್ಟಿಲನ್ನೇ ತರಬೇಕು. ಅದಕ್ಕೇ ಅಲ್ಲಿ ತೊಟ್ಟಿಲು ಮನೆಯಿಂದ ಮನೆಗೆ ಎರವಲು ಹೋಗುತ್ತದೆ. ಇದೆಲ್ಲ ಗೊತ್ತಿದ್ದೂ, ಯಾವ ಕೂಸೂ ಮಲಗದ ತೊಟ್ಟಿಲು ಎಂದು ದಪ್ಪಕ್ಷರದಲ್ಲಿ ಸಾರಿದ್ದ, ಪುಣ್ಯಾತ್ಮ.

ಮುಂದೇನು ಮಾಡಲಿ ಎಂದು ಕೇಳಿದ. ಮೌನಪ್ಪನ ಅಂಗಡಿಗೆ ಹೋಗಿ ಕೂತುಕೋ ಅಂದರು ಅಜ್ಜಾರು. ಹೋಗಿ ಏನು ಕೇಳಲಿ ಎನ್ನುವಷ್ಟರಲ್ಲಿ ಅವರು ಧ್ಯಾನಕ್ಕೆ ಕಣ್ಣು ಮುಚ್ಚಿದ್ದರು.

ಮರುದಿನ ಮಲ್ಲಿನಾಥ ಹೊಸ ತೊಟ್ಟಿಲನ್ನೂ ಬಾಗಿಲ ಹಲಗೆಯನ್ನೂ ಮರಳಿ ಅಂಗಡಿಗೆ ಸಾಗಿಸಿ, ಅಲ್ಲೇ ಮೂಲೆಯಲ್ಲಿ ಕೂತ. ಮೌನಪ್ಪ ಒಂದು ಹಳೆಯ ತೊಟ್ಟಿಲನ್ನು ಮಗ್ಗುಲಿಗೆ ಮಲಗಿಸಿ, ಅದರ ಹಲಗೆಯ ಮೇಲೆ ಸಣ್ಣ ಕುಂಚದಿಂದ ಹಸಿರು ಬಣ್ಣ ಹಚ್ಚುತ್ತಿದ್ದ.

"ಅದೇನ್ರಿ?"

"ಗಿಣಿ."

ಆ ಹಲಗೆಯ ತುಂಬ ಗಿಳಿಗಳಿದ್ದವು. ಕೆಲವು ಹೊಸವು, ಕೆಲವು ಮಾಸಿದವು. ಮಲ್ಲಿನಾಥ ಒಂದೊಂದಾಗಿ ಕೇಳುತ್ತ ಹೋದ, ಮೌನಪ್ಪ ಕುಂಚ ಆಡಿಸುತ್ತಲೇ ಹೇಳುತ್ತ ಹೋದ. ಕೂಸು ಎದ್ದು ಓಡಾಡತೊಡಗಿದ ಮೇಲೆ ತೊಟ್ಟಿಲು ಅವನ ಅಂಗಡಿಗೆ ಬರುತ್ತದೆ. ಸಡಿಲಾದ ಕೀಲು ಬಿಗಿದು, ಆ ಕೂಸಿನ ಲೆಕ್ಕಕ್ಕೆ ಒಂದು ಗಿಳಿ ಬರೆದು, ಮುಂದಿನ ಮನೆಗೆ ಕಳಿಸುತ್ತಾನೆ. ಅಪ್ಪನೂ ಹಾಗೇ ಮಾಡುತ್ತಿದ್ದ, ಅಜ್ಜನೂ.

"ಇದನ್ನ ಆವತ್ತ ಯಾಕ ಹೇಳಲಿಲ್ರಿ?"

"ಇದು ಹೇಳೂ ಅಂಥಾದ್ದಂತ ನನಗ ಅನಿಸಿದ್ದಿಲ್ರಿ. ನೀವೂ ಕೇಳಲಿಲ್ಲ."

ಅದು ನಿಜವೇ ಆಗಿತ್ತು. ಮಲ್ಲಿನಾಥ ಈಗ ಬಿಡುವವನಲ್ಲ. ಈ ಗಿಳಿ ಯಾರದು, ಆ ರೆಕ್ಕೆ ಅಳಿಸಿಹೋದದ್ದು ಯಾರದು ಎಂದು ಬೆರಳಿಟ್ಟು ಕೇಳಿದ. ಒಂದು ಈಗ ಶಾಲೆಯ ಮಾಸ್ತರ, ಒಂದು ಪೈಲ್ವಾನ, ಒಂದು ನಾಟಕದಲ್ಲಿ ಹಾರ್ಮೋನಿಯಂ ನುಡಿಸುವವನು. ಬರೆಯಬೇಕೆಂಬುದೇ ಅವನಿಗೆ ಮರೆತುಹೋಯಿತು.

ಅಷ್ಟರಲ್ಲಿ ಊರವಳೇ ಆದ ಗಂಗವ್ವ ಬಂದಳು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ದಿನ ತುಂಬುತ್ತಿತ್ತು. ಹೊಸ ತೊಟ್ಟಿಲ ಕಡೆ ಕಣ್ಣೆತ್ತಿಯೂ ನೋಡದೆ, ಯಾರ ಮನೆಯದು ಖಾಲಿಯಾಗಿದೆ ಎಂದು ಕೇಳಿದಳು. ಮೌನಪ್ಪ ಯಾವುದೂ ಇಲ್ಲವೆಂದು ತಲೆಯಾಡಿಸಿದ. ಕೈಯಲ್ಲಿದ್ದ ತೊಟ್ಟಿಲು ಬೇರೆಯವರಿಗೆ ಹೇಳಿಟ್ಟದ್ದು. ಉಳಿದವುಗಳಲ್ಲೆಲ್ಲ ಕೂಸುಗಳಿದ್ದವು.

ಗಂಗವ್ವನ ಮುಖದ ಮೇಲಿನ ಅಂಜಿಕೆ ಎದ್ದು ಕಾಣುತ್ತಿತ್ತು. ಮಲ್ಲಿನಾಥನ ತಲೆಯೊಳಗೆ ಮಾತ್ರ ಗಿಳಿಗಳೇ ಕುಣಿಯುತ್ತಿದ್ದವು. ತಡೆಯಲಾಗದೆ ಕೇಳಿಬಿಟ್ಟ.

"ಈ ಹಳೇ ತೊಟ್ಟಿಲದ ಮೊದಲನೇ ಗಿಣಿ ಯಾರದ್ರಿ?"

ಮೌನಪ್ಪ ತೊಟ್ಟಿಲನ್ನು ಬೆಳಕಿಗೆ ಹೊರಳಿಸಿದ. ಮೂಲೆಯಲ್ಲಿ ಬಣ್ಣವೆಲ್ಲ ಹಾರಿ, ಬರೀ ಗೆರೆಯಷ್ಟೇ ಉಳಿದ ಒಂದು ಗಿಳಿಯಿತ್ತು.

"ಹಿರೇಮನಿ ಸಂಗವ್ವಾಯಿದು."

ಗಂಗವ್ವನಿಗೆ ನಗು ಬಂತು. ಸಂಗವ್ವಾಯಿಗೆ ತೊಂಬತ್ತು ದಾಟಿದೆ. ಇವತ್ತಿಗೂ ಕಟ್ಟೆಯ ಮೇಲೆ ಕೂತು ಮರಿಮಕ್ಕಳಿಗೆಲ್ಲ ಒದರುತ್ತಾಳೆ, ಹೋಗಿಬರುವವರನ್ನೂ ಬಿಡುವುದಿಲ್ಲ. ನಗುತ್ತಿದ್ದವಳು ಒಮ್ಮೆಲೇ ಆ ಗೆರೆಯ ಗಿಳಿಯ ಕಡೆ ಬಾಗಿದಳು.

"ಹಂಗಾರ ಆಕಿ ಅವ್ವ ಒಂದೂ ಗಿಣಿ ಇಲ್ಲದ್ದನ್ನ ಮನಿಗೆ ತಂದಿದ್ಲಲ್ಲ," ಅಂದಳು. ಅದು ಅವರಿಬ್ಬರಿಗೆ ಹೇಳಿದ ಮಾತಲ್ಲ. ಮತ್ತೇನೂ ಕೇಳದೆ ಮನೆಗೆ ಹೋದಳು.

ಮಲ್ಲಿನಾಥ ಬಾಗಿಲ ಹಲಗೆ ತಗೊಂಡ. ಹಳೆಯ ಸಾಲು ಒರೆಸಿದ. ಸಾಗವಾನಿಯನ್ನೂ ಬರೆಯಲಿಲ್ಲ, ಹೊಳಪನ್ನೂ ಬರೆಯಲಿಲ್ಲ. 'ಈ ಹೊಸ ತೊಟ್ಟಿಲಿನ ಮೊದಲ ಗಿಳಿ ಯಾರ ಮನೆಯದು?' ಎಂದಷ್ಟೇ ಬರೆದು ಬಾಗಿಲ ಮೇಲೆ ಹಾಕಿದ.

ಹಿಂದಿನ ಓಣಿ ಹಿಡಿದಿದ್ದ ಹೆಂಗಸರು ಮೆಲ್ಲಗೆ ಮರಳಿದರು. ಮೊದಮೊದಲು ನಿಂತು ಓದಿದರು, ಆಮೇಲೆ ಒಳಗೇ ಬಂದರು. ತಮ್ಮ ಗಂಡನ ಗಿಳಿ ಯಾವ ತೊಟ್ಟಿಲಲ್ಲಿದೆ, ನಾದಿನಿಯದು ಯಾವುದು, ಎಲ್ಲವೂ ಅವರಿಗೆ ಬೇಕಾಯಿತು. ಅಂಗಡಿಯಲ್ಲಿ ದಿನವೆಲ್ಲ ಮಾತು. ಹೊಸ ತೊಟ್ಟಿಲನ್ನು ಒಂದಿಬ್ಬರು ಮುಟ್ಟಿಯೂ ನೋಡಿದರು. ಒಯ್ಯಲು ಮಾತ್ರ ಯಾರಿಗೂ ಧೈರ್ಯ ಬರಲಿಲ್ಲ. ಅಮಾವಾಸ್ಯೆ ಹತ್ತಿರವಾದಂತೆ ಮೌನಪ್ಪ ಉಳಿಗಳನ್ನು ಒರೆಸಿ ಗೋಣಿಯಲ್ಲಿ ಸುತ್ತತೊಡಗಿದ. ಅದನ್ನು ನೋಡಿ ಮಲ್ಲಿನಾಥನಿಗೆ ಅನ್ನ ಸೇರದಾಯಿತು.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಗಂಗವ್ವ ಚಕ್ಕಡಿ ಹೊಡೆಸಿಕೊಂಡು ಬಂದಳು. ಜೊತೆಗೆ ಅವಳ ಗಂಡ.

"ನನ್ನ ಮಗಳು ಹಟ ಹಿಡದಾಳ, ಮೌನಪ್ಪಣ್ಣ," ಅಂದಳು. "ಮೊದಲನೇ ಗಿಣಿ ನನ್ನ ಕೂಸಿಂದ ಆಗ್ಲಿ ಅಂತಾಳ. ಗಿಣಿ ಬರಿಯಾಕ ನೀ ಊರಾಗ ಇರಬೇಕು, ನೋಡು ಮತ್ತ."

ಬರಿದೇ ಒಯ್ಯಬಾರದೆಂದು ತೊಟ್ಟಿಲಲ್ಲಿ ಒಂದು ತೆಂಗಿನಕಾಯಿ ಮಲಗಿಸಿ, ಮೇಲೆ ಕುಬುಸದ ಬಟ್ಟೆ ಹೊದಿಸಿದಳು. ಮೌನಪ್ಪನ ಕಣ್ಣು ತುಂಬಿ ಬಂತು. ಕಣ್ಣಿಗೆ ಕಟ್ಟಿಗೆಯ ಪುಡಿ ಬಿತ್ತೆಂದು ಹೇಳಿಕೊಂಡು ಒರೆಸಿಕೊಂಡ. ಚಕ್ಕಡಿ ಓಣಿ ದಾಟುತ್ತಿದ್ದಂತೆ ಗೋಣಿ ಬಿಚ್ಚಿ ಉಳಿ ಹೊರತೆಗೆದ.

ಮಲ್ಲಿನಾಥ ಮಠಕ್ಕೆ ಓಡುತ್ತ ಬಂದು ಎಲ್ಲವನ್ನೂ ಹೇಳಿದ. ಹೇಳಿ ಮುಗಿದರೂ ಅಲ್ಲೇ ನಿಂತಿದ್ದ.

"ಇನ್ನೇನಪ್ಪಾ?" ಎಂದರು ಅಜ್ಜಾರು.

"ಆ ಸಾಲಿನಾಗ ಮೌನಪ್ಪನವರ ಹೆಸರಿಲ್ರಿ. ಅವರ ಕೈಗೆಲಸದ ಬಗ್ಗೆ ಒಂದು ಮಾತಿಲ್ಲ. ಬರೇ ಒಂದು ಪ್ರಶ್ನಿ ಬರದು ಬಿಟ್ಟೀನಿ. ಅದು ಅರ್ಧಕ್ಕ ನಿಂತಂಗ ಆಗಿಲ್ಲೇನ್ರಿ?"

ಅಜ್ಜಾರು ನಕ್ಕರು.

"ತೊಟ್ಟಿಲ ತುಂಬ ನೀನ ಮಾತು ಹಾಸಿ ಮಲಗಿಬಿಟ್ರ, ಕೂಸು ಎಲ್ಲಿ ಮಲಗಬೇಕಪ್ಪಾ?"