ಮುಖ ನೋಡಿ ಪಾಸ್ ಮಾಡುವ ಡಾಕ್ಟರು

ನಮ್ಮ ವಿಮಾನ ಕಂಪನಿಯಲ್ಲಿ ಪೈಲಟ್‌ಗಳ ಮೆಡಿಕಲ್ ಪರೀಕ್ಷೆಗೆ ಆಸ್ಪತ್ರೆ ಗೊತ್ತುಮಾಡುವ ಗುಮಾಸ್ತ ನಾನು. ಕ್ಯಾಪ್ಟನ್ ಶ್ರೀಪತಿ ರಾಯರ ಸರದಿ ಬಂತೆಂದರೆ ನನ್ನ ತಲೆ ಕೆಡುತ್ತದೆ. ಒಂದು ಆಸ್ಪತ್ರೆಯಲ್ಲಿ ಕಣ್ಣು ಅತಿಯಾಗಿ ಪರೀಕ್ಷಿಸುತ್ತಾರಂತೆ. ಇನ್ನೊಂದು ಕಡೆ ಬಿ.ಪಿ. ಮೂರು ಸಲ ನೋಡುತ್ತಾರಂತೆ. ಈ ಸಲ ನಾಲ್ಕು ಹೆಸರು ಹೇಳಿದೆ. ನಾಲ್ಕಕ್ಕೂ ಮೂಗು ಮುರಿದರು.

"ಏನ್ರೀ, ಹೆಚ್ಚು ಕೆದಕದೆ ಪಾಸ್ ಮಾಡೋ ಡಾಕ್ಟರ್ ಒಬ್ಬರೂ ಸಿಗಲ್ವಾ ನಿಮಗೆ?" ಎಂದು ಮೇಜು ಕುಟ್ಟಿದರು.

ನನಗೂ ರೇಗಿತು. "ಇದ್ದಾರೆ ಸಾರ್. ಕುರ್ಚಿಯಿಂದ ಏಳೋದೇ ಇಲ್ಲ, ಮುಖ ನೋಡಿ ಪಾಸ್ ಮಾಡ್ತಾರೆ."

ರಾಯರ ಮುಖ ಅರಳಿತು. "ನಂಬಬಹುದಾ?"

"ನಾಳೆ ನೀವು ಮನೆಯವರ ಜೊತೆ ದೆಹಲಿಗೆ ಹೋಗ್ತಿದ್ದೀರಲ್ಲ, ಆ ವಿಮಾನದ ಪೈಲಟ್‌ನನ್ನ ಪಾಸ್ ಮಾಡಿದ್ದೂ ಅವರೇ ಸಾರ್."

ರಾಯರು ಹಣೆ ಒರೆಸಿಕೊಂಡರು. "ಮೊದಲು ನಮ್ಮ ಟಿಕೆಟ್ ಕ್ಯಾನ್ಸಲ್ ಮಾಡ್ರೀ! ರೈಲಲ್ಲಿ ಹೋಗ್ತೀವಿ."

"ಆಗಲಿ ಸಾರ್. ನಿಮ್ಮ ಮೆಡಿಕಲ್‌ಗೆ ಅವರ ಹೆಸರೇ ಬರೆಯಲಾ?"

ರಾಯರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ, "ಆ ಮೂರು ಸಲ ಬಿ.ಪಿ. ನೋಡೋರ ಹತ್ತಿರವೇ ಹಾಕಿ" ಎಂದರು.

ಮುಖ ನೋಡಿ ಪಾಸ್ ಮಾಡುವ ಡಾಕ್ಟರೇ ಇಲ್ಲ ಎಂದು ಅವರಿಗೆ ಹೇಳಬೇಕು. ಅವಸರವೇನಿಲ್ಲ, ಪಾಪ, ಇನ್ನೂ ರೈಲಿನಲ್ಲೇ ಇದ್ದಾರೆ.