ಕೊನೆಯ ಪಂಕ್ತಿಯ ಮೊಮ್ಮಗ

"ಪ್ರಭು, ನನ್ನ ಹಂಚಿಕೆಯಲ್ಲಿ ಎಷ್ಟು ಹುಡುಕಿದರೂ ಹುಳುಕು ಸಿಗದು" ಎಂದು ಮಂತ್ರಿ ಲಿಂಗರಸಯ್ಯ ಮೀಸೆ ತಿರುವಿದರು.

ಹಂಚಿದ್ದು ಊರಿನ ಪುಟಾಣಿಗಳಿಗೆ ಶಿಶುಶಾಲೆಯ ಜಾಗ. ರಾಜ ಮುದ್ದುವೀರ ನಾಯಕ ಎರಡು ಶಾಲೆ ಕಟ್ಟಿಸಿದ್ದ. ಒಂದು ಅರಮನೆಯ ತೋಟದಲ್ಲಿ, ಇನ್ನೊಂದು ಹೊಳೆಯಾಚೆ. ಗಂಟೆ ಬಾರಿಸಿದಾಗ ಬಾಗಿಲಲ್ಲಿ ಮೊದಲು ನಿಂತವರಿಗೆ ಬೇಕಾದ ಶಾಲೆ ಎಂಬುದು ಮಂತ್ರಿಗಳ ನಿಯಮ. ದೊಡ್ಡ ಮನೆಯವರು ಮುನ್ನಾದಿನವೇ ಆಳುಗಳನ್ನು ತಂದು ನಿಲ್ಲಿಸಿದರು. ತೋಟದ ಶಾಲೆ ಅಷ್ಟಕ್ಕೇ ತುಂಬಿತು.

ಆ ತೋಟದ ಗೋಡೆಗೆ ಅಂಟಿಕೊಂಡೇ ಕುಂಬಾರರ ಈರಮ್ಮನ ಮನೆ. ಅವಳು ಮಗಳನ್ನು ಕರೆದುಕೊಂಡು ಸಭೆಗೇ ಬಂದಳು.

"ಬುದ್ಧಿ, ನಮ್ ಕೆಂಚಿಗೆ ಹೊಳೆಯಾಚೆ ಜಾಗ ಕೊಟ್ಟವ್ರೆ. ದೋಣಿ ಕಂಡ್ರೆ ಕಿರುಚ್ತಾಳೆ. ಆ ದಡದಿಂದ ಮಂತ್ರಿಗಳ ಮೊಮ್ಮಗ ಅಳ್ತಾ ಈ ಕಡೆ ಬತ್ತಾನೆ. ಇನ್ನು ಇವಳನ್ನ ಕಳ್ಸಾಕಿಲ್ಲ, ಮಣ್ಣು ತುಳ್ಕೊಂಡು ಮನೇಲೇ ಇರ್ಲಿ."

ಮಗುವಿನ ಓದು ನಿಲ್ಲುತ್ತದೆಂದು ರಾಜನಿಗೆ ಕಸಿವಿಸಿಯಾಯಿತು. ಆಸ್ಥಾನದ ಚತುರ ಸಿಂಗಣ್ಣನತ್ತ ತಿರುಗಿದ.

"ಯಾರೂ ಗೊಣಗದ ಹಾಗೆ ಸಂಜೆಯೊಳಗೆ ಹಂಚಿಸು. ಇಲ್ಲದಿದ್ದರೆ ದಿನಾ ನೀನೇ ಈ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಬೇಕು."

"ಆಗಲಿ ಪ್ರಭು, ಹಂಚುವವರು ಮಂತ್ರಿಗಳೇ ಇರಲಿ" ಎಂದ ಸಿಂಗಣ್ಣ. "ಮಂತ್ರಿಗಳೇ, ಎರಡೂ ಶಾಲೆ ಸರಿಸಮ ತಾನೇ?"

"ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ."

"ಸಂತೋಷ. ನಮ್ಮ ಊಟದ ಮನೆಯಲ್ಲಿ ಬಡಿಸಿದವರು ಕೊನೆಯ ಪಂಕ್ತಿಯಲ್ಲಿ ಉಣ್ಣುತ್ತಾರೆ. ಇಲ್ಲೂ ಹಾಗೇ ಆಗಲಿ. ಎಲ್ಲರಿಗೂ ಕೊಟ್ಟು ಉಳಿದ ಜಾಗ ನಿಮ್ಮ ಮೊಮ್ಮಗನಿಗೆ."

ಮಂತ್ರಿಗಳ ಮುಖ ಹುಳ್ಳಗಾಯಿತು. ಎಲ್ಲರೂ ತೋಟವನ್ನೇ ಕೇಳುತ್ತಾರೆ, ಉಳಿಯುವುದು ಹೊಳೆಯಾಚೆಯದೇ. ಸಭೆಯಲ್ಲಿ ಆಡಿದ ಮಾತನ್ನು ನುಂಗುವಂತೆಯೂ ಇಲ್ಲ. ಎದ್ದವರೇ ದೋಣಿ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಆ ಶಾಲೆಯ ಸೋರುವ ಮಾಡಿಗೆ ಹೊಸ ಹೆಂಚು ಬಂತು, ನೆಲಕ್ಕೆ ಚಾಪೆ ಬಂತು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಅಜ್ಜಿಯೂ ಬಂದಳು.

ಇದನ್ನು ಕಂಡು ಆಚೆ ದಡದ ದೊಡ್ಡ ಮನೆಯವರು, "ಮನೆ ಪಕ್ಕದಲ್ಲೇ ಇಷ್ಟು ಚೆನ್ನಾಗಿರುವಾಗ ದೋಣಿ ಯಾಕೆ?" ಎಂದು ತಾವಾಗಿಯೇ ತೋಟದ ಜಾಗ ಬಿಟ್ಟುಕೊಟ್ಟರು. ಸಂಜೆ ಹಂಚುವಾಗ ಕೆಂಚಿಗೆ ತೋಟದ ಶಾಲೆ ಸಿಕ್ಕಿತು. ಮಂತ್ರಿಗಳ ಮೊಮ್ಮಗನಿಗೆ ಉಳಿದದ್ದು ಅವನ ಮನೆಯ ಎದುರಿನ ಶಾಲೆ. ಇಬ್ಬರ ಅಳುವೂ ನಿಂತಿತು.

ರಾಜ ಹುಬ್ಬೇರಿಸಿದ. "ಆ ಮಾಡು ಅಷ್ಟು ಸೋರುತ್ತಿತ್ತೇ? ಯಾರಿಗೂ ಕಾಣಲಿಲ್ಲವಲ್ಲ, ಸಿಂಗಣ್ಣ."

"ಕೆಳಗೆ ಕೂತ ಮಕ್ಕಳಿಗೆ ಕಂಡಿತ್ತು ಪ್ರಭು. ಮಂತ್ರಿಗಳಿಗೆ ಕಾಣಲು ಅವರ ಮೊಮ್ಮಗ ಅಲ್ಲಿ ಕೂರಬೇಕಾಯಿತು."

ರಾಜ ಹೊಟ್ಟೆ ಹಿಡಿದು ನಕ್ಕು, ತಾನು ಹೊದ್ದ ಶಾಲನ್ನೇ ಅವನಿಗೆ ಹೊದಿಸಿದ. "ನನ್ನ ರಾಜ್ಯದಲ್ಲಿ ಇನ್ನೂ ಎಲ್ಲೆಲ್ಲಿ ಸೋರುತ್ತಿದೆಯೋ?"

ಸಿಂಗಣ್ಣ ಕೈಮುಗಿದ. "ಅದು ನನಗೂ ಗೊತ್ತಿಲ್ಲ. ಪ್ರಭುಗಳ ಮೊಮ್ಮಕ್ಕಳನ್ನು ದಿನಕ್ಕೊಂದು ಕಡೆ ಕೂರಿಸಿ ನೋಡಬೇಕು."